ಟಿಟ್ಟಿಭದ ಮರಿಯನ್ನು ದಯವಿಟ್ಟು ಎತ್ತಬೇಡಿ

ಮಾರ್ಚ್ ಬಂತೆಂದರೆ ನಮ್ಮ ಚಿಕಿತ್ಸಾಲಯದ ಫೋನಿಗೆ ಬಿಡುವಿಲ್ಲ. ಅಲ್ಲಿಂದ ಮಳೆಗಾಲದ ಕೊನೆಯವರೆಗೂ ಬರುವುದು ಹೆಚ್ಚುಕಮ್ಮಿ ಇದೇ ಕರೆ: ಬಡಾವಣೆಯ ಖಾಲಿ ಸೈಟಿನಲ್ಲಿ ತಾಯಿಯಿಲ್ಲದ ಮರಿ ಸಿಕ್ಕಿದೆ, ಉದ್ದ ಕಾಲು, ಮೈಯೆಲ್ಲ ಮಣ್ಣಿನ ಬಣ್ಣದ ತುಪ್ಪುಳ, ಶೂ ಡಬ್ಬಿಯಲ್ಲಿಟ್ಟಿದ್ದೇವೆ, ಹಾಲು ಹಾಕಿದರೆ ಕುಡಿಯುತ್ತಿಲ್ಲ.

"ತಾಯಿ ಇಲ್ಲ ಅಂತ ಹೇಗೆ ಗೊತ್ತಾಯ್ತು?"

"ಅರ್ಧ ಗಂಟೆ ಕಾದ್ವಿ ಡಾಕ್ಟ್ರೇ, ಬರಲೇ ಇಲ್ಲ."

"ಎಲ್ಲಿ ನಿಂತು ಕಾದ್ರಿ?"

"ಮರಿ ಪಕ್ಕದಲ್ಲೇ. ನಾಯಿ ಬಂದ್ರೆ ಅಂತ ಭಯ."

"ಅಲ್ಲಿ ಬೇರೆ ಹಕ್ಕಿ ಏನಾದ್ರೂ ಕೂಗಾಡ್ತಿತ್ತಾ?"

"ಹೂಂ, ಎರಡು ಹಕ್ಕಿ ತಲೆ ಮೇಲೇ ಎರಗಿ ಬರ್ತಿದ್ವು. ಮರೀನ ಕುಕ್ಕೋಕೆ ಬಂದಿವೆ ಅಂತ ಓಡಿಸಿದ್ವಿ."

ಅವೇ ಅದರ ಅಪ್ಪ ಅಮ್ಮ. ಮರಿ ಟಿಟ್ಟಿಭದ್ದು (ಲ್ಯಾಪ್‌ವಿಂಗ್), ನೆಲದಲ್ಲೇ ಗೂಡು ಮಾಡುವ ಉದ್ದ ಕಾಲಿನ ಹಕ್ಕಿ. ಕರೆ ಮಾಡಿದವರು ಒಳ್ಳೆಯ ಮನಸ್ಸಿನವರು, ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಒಂದು ಸಂಗತಿಯನ್ನು ಎಷ್ಟು ಸಲ ಹೇಳಿದರೂ ಸಾಲದು: ನೀವು ಮರಿಯ ಹತ್ತಿರ ಇರುವ ತನಕ ತಾಯಿ ಬರುವುದಿಲ್ಲ. ಅರ್ಧ ಗಂಟೆ ನಿಂತರೆ ಅರ್ಧ ಗಂಟೆ ಬರುವುದಿಲ್ಲ. ಸಂಜೆಯವರೆಗೆ ನಿಂತರೆ ಸಂಜೆಯವರೆಗೂ ಬರುವುದಿಲ್ಲ. ಅದರ ಕಣ್ಣಿಗೆ ನೀವೂ ನಾಯಿಯೂ ಒಂದೇ. ನೂರು ಮೀಟರ್ ದೂರ ಹೋಗಿ, ಸಾಧ್ಯವಾದರೆ ಕಾರಿನೊಳಗೆ ಕೂತು, ಮರೆಯಿಂದ ನೋಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಹಕ್ಕಿ ನೆಲಕ್ಕಿಳಿದು, ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ ಮರಿಯ ಕಡೆ ಬರುತ್ತದೆ.

ಗೊಂದಲದ ಬೇರು ಇರುವುದು ನಾವು ದಿನವೂ ನೋಡುವ ಹಕ್ಕಿಗಳಲ್ಲಿ. ಕಾಗೆ, ಮೈನಾ, ಪಾರಿವಾಳದ ಮರಿಗಳು ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ, ವಾರಗಟ್ಟಲೆ ಗೂಡಿನಲ್ಲೇ ಇದ್ದು ತಿನ್ನಿಸಿಕೊಳ್ಳುತ್ತವೆ. ಟಿಟ್ಟಿಭ ಆ ಪೈಕಿ ಅಲ್ಲ. ಬರಿ ನೆಲದಲ್ಲಿ ಚಿಕ್ಕ ಗುಳಿ ತೋಡಿ, ಸುತ್ತ ಕಲ್ಲುಚೂರು, ಕುರಿ ಹಿಕ್ಕೆ ಸೇರಿಸಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮರಿ ಒಡೆದು ಬಂದಾಗಲೇ ಕಣ್ಣು ಬಿಟ್ಟಿರುತ್ತದೆ. ಮೈ ಒಣಗಿದ ಮೇಲೆ ಎದ್ದು ನಡೆಯುತ್ತದೆ, ಇರುವೆ ಗೆದ್ದಲು ಹುಳುಗಳನ್ನು ತಾನೇ ಹೆಕ್ಕಿ ತಿನ್ನುತ್ತದೆ. ಗೂಡಿನಿಂದ ಹೊರಗೆ ಒಂಟಿಯಾಗಿ ಓಡಾಡುವ ಟಿಟ್ಟಿಭದ ಮರಿ ಗೂಡಿನಿಂದ ಬಿದ್ದ ಮರಿಯಲ್ಲ, ಅದು ಇರಬೇಕಾದ ಹಾಗೇ ಇದೆ. ಹಾಗೆಯೇ, ನೀವು ಹತ್ತಿರ ಹೋದಾಗ ನೆಲಕ್ಕಂಟಿ ಅಲುಗಾಡದೆ ಬಿದ್ದಿದ್ದರೆ ನಿತ್ರಾಣವಾಗಿದೆ ಎಂದುಕೊಳ್ಳಬೇಡಿ. ತಾಯಿ ಮೇಲಿಂದ ಕೂಗಿ "ಅಲ್ಲಾಡಬೇಡ" ಎಂದಿದೆ, ಅದು ಪಾಲಿಸುತ್ತಿದೆ.

ಹಾಗಾದರೆ ಅಪ್ಪ ಅಮ್ಮ ಮಾಡುವುದೇನು? ತುತ್ತು ಕೊಡುವುದಿಲ್ಲ, ಉಳಿದೆಲ್ಲವನ್ನೂ ಕೊಡುತ್ತವೆ. ಮೊದಲ ಕೆಲವು ದಿನ ಮರಿಗೆ ಮೈ ಶಾಖ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಚಳಿಯಾದರೆ, ಮಳೆ ಬಂದರೆ ಹೊಟ್ಟೆಯಡಿ ನುಗ್ಗಬೇಕು. ಬಿಸಿಲಾದರೆ ನೆರಳು ಬೇಕು. ಏಪ್ರಿಲ್‌ನ ನಡುಮಧ್ಯಾಹ್ನ ಟಿಟ್ಟಿಭ ಕೆರೆಗೋ ಹೊಂಡಕ್ಕೋ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ, ಮರಿಯ ಮೇಲೆ ಕೂರುತ್ತದೆ, ತಂಪಿಗಾಗಿ. ಆ ಹೊತ್ತಿನಲ್ಲಿ ಗೂಡಿನ ಪಕ್ಕ ಕ್ಯಾಮೆರಾ ಹಿಡಿದು ಕೂತವರು ಯೋಚಿಸಲಿ: ಮೊಟ್ಟೆಯೊಳಗಿನ ಶಾಖ 40 ಡಿಗ್ರಿ ದಾಟಿದರೆ ಭ್ರೂಣಕ್ಕೆ ಅಪಾಯ, ಬಿಸಿಲಿಗೆ ಕಾದ ನೆಲ ಅದಕ್ಕಿಂತ ಎಷ್ಟೋ ಬಿಸಿ. ಹೊಳೆದಂಡೆಯ ಮರಳಲ್ಲಿ ಮೊಟ್ಟೆಯಿಡುವ ಪ್ಲೋವರ್ ಎಂಬ ಪುಟ್ಟ ಹಕ್ಕಿಗಳಂತೂ ರೆಕ್ಕೆ ಮುರಿದ ಹಾಗೆ ನೆಲದಲ್ಲಿ ಹೊರಳಾಡಿ ನಿಮ್ಮನ್ನು ಆಚೆ ಎಳೆದೊಯ್ಯಲು ನೋಡುತ್ತವೆ. ಗಾಯಗೊಂಡಿದೆ ಎಂದು ಆ ತಾಯಿ ಹಕ್ಕಿಯನ್ನೇ ಹಿಡಿಯಲು ಬೆನ್ನಟ್ಟುವವರಿದ್ದಾರೆ.

ಕೆರೆಯ ಹಕ್ಕಿಗಳಲ್ಲಿ ಇನ್ನೊಂದು ಬಗೆಯ ತಪ್ಪು ತಿಳಿವಳಿಕೆ. ನೀರಿನ ಮೇಲಿನ ಎಲೆಗಳ ಮೇಲೆ ಓಡಾಡುವ ದೇವನಕ್ಕಿಯ (ಜಕಾನಾ) ಮರಿಗಳ ಜೊತೆ ಒಂದೇ ಹಕ್ಕಿ ಕಂಡರೆ "ಇನ್ನೊಂದು ಸತ್ತಿರಬೇಕು" ಎಂದು ಫೋನು ಬರುತ್ತದೆ. ಅಲ್ಲಿ ಕಾವು, ಕಾವಲು ಎರಡೂ ಅಪ್ಪನದೇ. ಹೆಣ್ಣು ಮೊಟ್ಟೆ ಇಟ್ಟುಕೊಟ್ಟು ಬೇರೆ ಗಂಡಿನ ಬಳಿ ಹೋಗಿರುತ್ತದೆ. ಆ ಅಪ್ಪ ಮರಿಗಳನ್ನು ರೆಕ್ಕೆಯಡಿ ಅವುಚಿ ಎತ್ತಿಕೊಂಡು ಎಲೆಗಳ ಮೇಲೆ ನಡೆಯುವುದನ್ನು ನೋಡಬೇಕು!

ಶಿರಾ ಕಡೆಯ ರೈತರೊಬ್ಬರು ಶೇಂಗಾ ಹೊಲದಲ್ಲಿ ಗೂಡು ಕಂಡಾಗ ನಾಲ್ಕು ಮೂಲೆಗೂ ಕೋಲು ನೆಟ್ಟು, ಟ್ರ್ಯಾಕ್ಟರ್ ಸುತ್ತಿ ಹೊಡೆಸಿದ್ದರು. "ಒಂದ್ ಚಾಪೆಯಷ್ಟು ನೆಲ ಬಿಟ್ರೆ ನಮ್ಗೇನ್ ಕಮ್ಮಿ ಆಗ್ತೈತೆ ಸಾರ್" ಎಂದರು. ಮೊಟ್ಟೆಯನ್ನು ಬದುವಿನ ಮೇಲೆ ಎತ್ತಿಡಲಿಲ್ಲ, ಬುಟ್ಟಿ ಮುಚ್ಚಲಿಲ್ಲ. ಅಷ್ಟೇ ಸಾಕಿತ್ತು. ಮೊಟ್ಟೆ ಜರುಗಿಸುವುದು, ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ ಎಂಬುದನ್ನು ಸೈಟು ಸಮ ಮಾಡಿಸುವವರೂ ತಿಳಿದಿರಲಿ.

ನಾಲ್ಕು ಮೊಟ್ಟೆಯಲ್ಲಿ ನಾಲ್ಕೂ ಹಾರುವುದು ಅಪರೂಪ. ಮುಂಗುಸಿ, ಕಾಗೆ, ಹದ್ದು, ಬೀದಿನಾಯಿ ಎಲ್ಲಕ್ಕೂ ಪಾಲು ಹೋಗುತ್ತದೆ. ಮೊದಲ ಮೊಟ್ಟೆಗಳು ಹಾಳಾದರೆ ಜೋಡಿ ಮತ್ತೆ ಇಡಬಲ್ಲದು. ಲೆಕ್ಕ ಹಾಕಿದರೆ, ಒಂದು ಜೋಡಿ ತನ್ನ ಇಡೀ ಬಾಳಿನಲ್ಲಿ ಎರಡು ಮರಿಗಳನ್ನು ಬೆಳೆದ ಹಕ್ಕಿಯಾಗಿಸಿದರೆ ಸಂತತಿ ತಗ್ಗದೆ ಉಳಿಯುತ್ತದೆ. ನೀವು ಡಬ್ಬಿಯಲ್ಲಿ ತಂದದ್ದು ಆ ಎರಡರಲ್ಲಿ ಒಂದಾಗಿರಬಹುದು. ನಮ್ಮಲ್ಲಿ ಎಷ್ಟೇ ಜೋಪಾನ ಮಾಡಿದರೂ ಇವುಗಳನ್ನು ಉಳಿಸುವುದು ಕಷ್ಟ. ಮುಚ್ಚಿದ ಜಾಗದಲ್ಲಿ ಹೆದರಿ ತಿನ್ನುವುದನ್ನೇ ಬಿಡುತ್ತವೆ.

ಈಗಾಗಲೇ ಎತ್ತಿದ್ದೀರಾ? ಹಾಲು, ಅನ್ನ, ಬ್ರೆಡ್ ಏನೂ ಬೇಡ. ಕೊಕ್ಕಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಅದೇ ದಿನ, ಬೆಳಕಿರುವಾಗಲೇ, ಎತ್ತಿದ ಜಾಗಕ್ಕೇ ಒಯ್ದು ಬಿಟ್ಟು ದೂರ ಸರಿಯಿರಿ. ಬಹುಪಾಲು ಸೇರಿಕೊಳ್ಳುತ್ತವೆ.

ಎತ್ತಲೇಬೇಕಾದ ಸಂದರ್ಭಗಳೂ ಇವೆ. ಚರಂಡಿಗೆ ಬಿದ್ದು ಹತ್ತಲಾಗದಿದ್ದರೆ ಎತ್ತಿ ಅಲ್ಲೇ ದಡಕ್ಕೆ ಬಿಡಿ. ರಕ್ತ ಬರುತ್ತಿದ್ದರೆ, ಮೈಗೆ ಇರುವೆ ಮುತ್ತಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ ವೈದ್ಯರ ಬಳಿ ತನ್ನಿ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಕಾಣದಿದ್ದರೂ ಒಳಗೆ ಕೀವಾಗುತ್ತದೆ. ಟೆರೇಸಿನ ಮೇಲೆ ಮೊಟ್ಟೆ ಇಟ್ಟಿದ್ದರೆ ಮರಿ ಒಡೆಯುವ ಮುಂಚೆಯೇ ಫೋನು ಮಾಡಿ, ಒಂದೊಂದು ಕಟ್ಟಡಕ್ಕೆ ಒಂದೊಂದು ಸಲಹೆ. ತರುವ ಮುನ್ನ ಮರಿ ಸಿಕ್ಕ ಜಾಗದ ಫೋಟೋ ತೆಗೆದು, ಮೊಬೈಲಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. "ಏರ್‌ಪೋರ್ಟ್ ರಸ್ತೆ ಕಡೆ ಎಲ್ಲೋ" ಎಂದರೆ ಚೇತರಿಸಿಕೊಂಡ ಮರಿಯನ್ನು ಅಪ್ಪ ಅಮ್ಮನಿಗೆ ಒಪ್ಪಿಸಲು ನಮಗೆ ದಾರಿಯೇ ಇರುವುದಿಲ್ಲ.