ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ಎರಡು ವರ್ಷದಿಂದ ದಿನಕ್ಕೊಂದು ಅಮ್ಲೋಡಿಪಿನ್ 5 ಎಂಜಿ ತಗೊಳ್ತಿದ್ದರು. ಬಿಪಿ 126/80 ಬಂತು ಅಂತ ಮಾತ್ರೆ ಬಿಟ್ಟು ನಾಲ್ಕು ದಿನ ಆಯಿತು, ಏರಿಲ್ಲ. ಇನ್ನು ಮಾತ್ರೆ ಬೇಡ ಅಂತಾರೆ. ಸರಿಯೇ?

ಉತ್ತರ: ಸರಿಯಲ್ಲ. 126/80 ಬಂದಿದ್ದೇ ಮಾತ್ರೆಯಿಂದ. ನಾಲ್ಕು ದಿನ ಏರದೆ ಇರುವುದಕ್ಕೂ ಬಹುಮಟ್ಟಿಗೆ ಅದೇ ಕಾರಣ. ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ಪೂರ್ತಿ ಹೋಗಲು ವಾರದಿಂದ ಹತ್ತು ದಿನ. ಅಷ್ಟರೊಳಗೆ ‘ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಧೈರ್ಯ ಬಂದು ಬಿಪಿ ಮೆಷಿನ್ ಬೀರು ಸೇರಿರುತ್ತದೆ. ಆಮೇಲೆ ಬಿಪಿ ಸದ್ದಿಲ್ಲದೆ ಏರುತ್ತದೆ. ಹೆಚ್ಚಿನವರಿಗೆ ತಲೆನೋವೂ ಬರುವುದಿಲ್ಲ, ತಲೆಸುತ್ತೂ ಬರುವುದಿಲ್ಲ. ಇನ್ನು ಮೆಟೊಪ್ರೊಲಾಲ್, ಅಟೆನೊಲಾಲ್, ಕ್ಲೊನಿಡಿನ್ ಎಂಬ ಬೇರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಥಟ್ಟನೆ ನಿಲ್ಲಿಸಲೇಬಾರದು. ಒಂದೆರಡು ದಿನದಲ್ಲೇ ಬಿಪಿ, ಎದೆಬಡಿತ ಜೋರಾಗಿ ಏರಬಹುದು.

ಈಗ ಮಾಡಬೇಕಾದ್ದು: ಅದೇ ಮಾತ್ರೆ, ಅದೇ ಡೋಸ್ ಇವತ್ತೇ ಶುರು ಮಾಡಿ, ಈ ವಾರದಲ್ಲೇ ಡಾಕ್ಟರನ್ನು ಕಾಣಿ. ಬಿಟ್ಟ ದಿನಗಳ ಲೆಕ್ಕಕ್ಕೆ ಎರಡೆರಡು ನುಂಗಬೇಡಿ. ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಬಿಪಿ ನೋಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಸಂಜೆ ಹೊತ್ತಿಗೆ ಕಾಲಿನ ಗೆಣ್ಣು ಊದುತ್ತಿತ್ತಾ ಅಂತಲೂ ಅವರನ್ನು ಕೇಳಿ. ಎಷ್ಟೋ ಜನ ಮನೆಯಲ್ಲಿ ಹೇಳದೆ ಮಾತ್ರೆ ಬಿಡುವುದು ಇದಕ್ಕೇ. ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನೀರು ಕಾಲಿಗೆ ಇಳಿಯುತ್ತದೆ. ಮೂತ್ರ ಹೋಗಿಸುವ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಡೋಸ್ ಇಳಿಸಿದರೆ, ಅಥವಾ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿಪಿ ಮಾತ್ರೆಯನ್ನು ಜೊತೆಗೆ ಸೇರಿಸಿದರೆ ಕಡಿಮೆಯಾಗುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೊಫೆನಾಕ್ ತಂದು ನುಂಗುವ ಅಭ್ಯಾಸವಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದು ಬಿಪಿ ಏರಿಸುತ್ತದೆ.

ಹಾಗಾದರೆ ಜೀವನಪೂರ್ತಿ ಮಾತ್ರೆಯೇ? ಹೆಚ್ಚಿನವರಿಗೆ ಹೌದು. ಆದರೆ ಒಂದೇ ಮಾತ್ರೆಯಲ್ಲಿ ಇರುವವರು, ಹೃದಯಾಘಾತ, ಲಕ್ವ, ಕಿಡ್ನಿ ತೊಂದರೆ ಯಾವುದೂ ಇಲ್ಲದವರು ತೂಕ ಮತ್ತು ಉಪ್ಪು ನಿಜವಾಗಿ ಇಳಿಸಿದರೆ ಡಾಕ್ಟರ್ 5ರಿಂದ 2.5 ಎಂಜಿಗೆ ತಂದು ನೋಡಬಹುದು. ತೂಕ ಒಂದು ಕೆಜಿ ಇಳಿದರೆ ಮೇಲಿನ ಬಿಪಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು. ತೋಟದಲ್ಲಿ ಆಳುಗಳ ಹಿಂದೆ ನಿಂತು ನಿಂತು ಓಡಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಕುಡಿಯುವ ಅಭ್ಯಾಸವಿದ್ದರೆ ಅದನ್ನು ಬಿಡುವುದೂ ಬಿಪಿ ಇಳಿಸುತ್ತದೆ.

ಉಪ್ಪಿನ ವಿಷಯದಲ್ಲಿ ಬಾಯಿಮಾತಿನ ಲೆಕ್ಕ ಬೇಡ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚ. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ ಉಪ್ಪಿನ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆದಿಡಿ, ನಿಜ ಗೊತ್ತಾಗುತ್ತದೆ. ಮುದ್ದೆಯಿಂದ ತೊಂದರೆಯಿಲ್ಲ, ಅದರ ಜೊತೆ ಸುರಿದುಕೊಳ್ಳುವ ಉಪ್ಪುಸಾರಿನಿಂದ ತೊಂದರೆ. ಮಳೆಗಾಲದ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಪ್ಯಾಕೆಟ್ಟಿನ ಲೆಕ್ಕಕ್ಕೆ ಸಿಗದೆ ಒಳಗೆ ಸೇರುವ ಉಪ್ಪು. ಸೈಂಧವ ಲವಣವೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಕೇಳದೆ ಬಳಸಬಾರದು.

ಇವತ್ತಿನಿಂದಲೇ ಏಳು ದಿನದ ಬಿಪಿ ಬರೆದಿಡಿ, ಈ ವಾರ ಡಾಕ್ಟರ್ ಹತ್ತಿರ ಹೋಗುವಾಗ ಅಲ್ಲಿಯವರೆಗೆ ಬರೆದದ್ದನ್ನು ಒಯ್ಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ. ಕಾಫಿ, ಬೀಡಿ ಆಗಿ ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂತಿರಬೇಕು. ಪಟ್ಟಿ ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ಮುಟ್ಟಿದರೆ ಹೆಚ್ಚೇ.

ಡೋಸ್ ಇಳಿಸಿದ ಮೇಲೂ ತಿಂಗಳಿಗೊಮ್ಮೆ ಹೀಗೇ ನೋಡುತ್ತಿರಿ. ಬೇಸಿಗೆಯಲ್ಲಿ ಬಿಪಿ ತುಸು ಇಳಿದು ಚಳಿಗಾಲದಲ್ಲಿ ಏರುತ್ತದೆ. ಏಪ್ರಿಲ್‌ನಲ್ಲಿ ಸರಿಯಿತ್ತು ಎಂದು ಡಿಸೆಂಬರ್ ಕೊಯ್ಲಿನ ಹೊತ್ತಿಗೆ ನೋಡುವುದನ್ನು ಬಿಡಬೇಡಿ.