ಚಾಳೀಸಿಗೆ ಇಲ್ಲದ ಸಂಕೋಚ ಊರುಗೋಲಿಗೇಕೆ?

ನಲವತ್ತರ ಆಸುಪಾಸಿನಲ್ಲಿ ಪತ್ರಿಕೆಯನ್ನು ಕಣ್ಣಿನಿಂದ ತುಸು ತುಸುವೇ ದೂರ ಸರಿಸುತ್ತ ಹೋಗಿ, ಕೊನೆಗೆ ಕೈಯ ಉದ್ದವೇ ಸಾಲದಾದಾಗ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತುವುದು ನಮ್ಮಲ್ಲಿ ಯಾರಿಗೂ ಅವಮಾನವೆನಿಸುವುದಿಲ್ಲ. ‘ಚಾಳೀಸು ಬಂತು’ ಎಂದು ನಗುತ್ತಲೇ ಹೇಳಿಕೊಳ್ಳುತ್ತೇವೆ. ಹಾಗೆಂದು ಕಣ್ಣಿನೊಳಗೆ ನಡೆದಿರುವುದು ಸಣ್ಣ ಬದಲಾವಣೆಯೇನಲ್ಲ. ಕಣ್ಣಿನ ಮಸೂರವು ಬದುಕಿನುದ್ದಕ್ಕೂ ಹೊಸ ಎಳೆಗಳನ್ನು ಪದರ ಪದರವಾಗಿ ಸೇರಿಸಿಕೊಳ್ಳುತ್ತ ಬೆಳೆಯುತ್ತದೆ. ಹಳೆಯ ಎಳೆಗಳು ಹೊರಬೀಳದೆ ನಡುವಿನಲ್ಲೇ ಒತ್ತೊತ್ತಾಗಿ ಉಳಿದು ಗಟ್ಟಿಯಾಗುತ್ತವೆ. ಹತ್ತಿರದ ಅಕ್ಷರವನ್ನು ನೋಡಬೇಕಾದಾಗ ಮಸೂರದ ಸುತ್ತಲಿನ ಸ್ನಾಯು ತನ್ನ ಕೆಲಸವನ್ನು ಎಂದಿನಂತೆ ಮಾಡಿದರೂ ಗಟ್ಟಿಯಾದ ಮಸೂರ ಮೊದಲಿನಂತೆ ಉಬ್ಬುವುದಿಲ್ಲ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ನೋಡಬಲ್ಲದು; ಅರವತ್ತರ ಹೊತ್ತಿಗೆ ಈ ಹೊಂದಾಣಿಕೆಯ ಶಕ್ತಿ ಬಹುತೇಕ ಬರಿದಾಗಿರುತ್ತದೆ. ಯಾವ ವ್ಯಾಯಾಮದಿಂದಲೂ ಆ ಮಸೂರವನ್ನು ಮತ್ತೆ ಮೆದುವಾಗಿಸಲಾಗದು. ಇಂಥ ಶಾಶ್ವತ ನಷ್ಟವನ್ನು ನಾವು ಒಂದು ಮಧ್ಯಾಹ್ನದಲ್ಲಿ ಒಪ್ಪಿಕೊಂಡು, ಬೆಲೆ ಚೌಕಾಸಿ ಮಾಡಿ, ಕನ್ನಡಕ ಹಾಕಿಕೊಂಡು ಮನೆಗೆ ಬರುತ್ತೇವೆ.

ಅದೇ ಮನುಷ್ಯನಿಗೆ ಇಪ್ಪತ್ತೈದು ವರ್ಷಗಳ ನಂತರ ಶ್ರವಣಯಂತ್ರದ ಮಾತೆತ್ತಿದರೆ ಮುಖ ಗಂಟಾಗುತ್ತದೆ. ಊರುಗೋಲು ಮನೆಯಲ್ಲಿದ್ದರೂ ನೆಂಟರು ಬಂದಾಗ ಬಾಗಿಲ ಹಿಂದೆ ಸರಿಯುತ್ತದೆ. ಕನ್ನಡಕವನ್ನು ಉಪಕರಣವೆಂದೂ ಕೋಲನ್ನು ಸೋಲೆಂದೂ ಕಾಣುವ ಈ ಭೇದಕ್ಕೆ ಶರೀರಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಕಿವಿಯ ವಿಷಯವನ್ನೇ ತೆಗೆದುಕೊಳ್ಳೋಣ. ಒಳಗಿವಿಯ ಶಂಖಾಕಾರದ ನಳಿಕೆಯಲ್ಲಿ, ಒಂದೊಂದು ಕಿವಿಗೆ ಸದ್ದನ್ನು ಗ್ರಹಿಸುವ ಸುಮಾರು 15,000ದಷ್ಟು ರೋಮಕೋಶಗಳಿರುತ್ತವೆ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನೊಂದಿಗೆ ಮೊದಲು ಹಾಳಾಗುವುದು ಎತ್ತರದ ಸ್ಥಾಯಿಯ ಸದ್ದನ್ನು ಗ್ರಹಿಸುವ ಭಾಗ. ಮಾತಿನಲ್ಲಿ ಸ್ವರಗಳು ಕೆಳಸ್ಥಾಯಿಯವು, ಬಲವಾದವು. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಮೇಲಿನ ಸ್ಥಾಯಿಯಲ್ಲಿ, ಅದೂ ಕ್ಷೀಣವಾಗಿ. ಹೀಗಾಗಿ ‘ಹಾಸು’ ಎಂದದ್ದೋ ‘ಹಾಕು’ ಎಂದದ್ದೋ ತಿಳಿಯದೆ ಹಿರಿಯರು ಗೊಂದಲಕ್ಕೆ ಬೀಳುತ್ತಾರೆ. ‘ಕೇಳಿಸುತ್ತದೆ, ಆದರೆ ಏನೆಂದು ಗೊತ್ತಾಗುವುದಿಲ್ಲ’ ಎಂಬ ಅವರ ದೂರು ಅಕ್ಷರಶಃ ನಿಜ. ಮನೆಯವರು ಕಿರುಚಿದಾಗ ಹೆಚ್ಚುವುದು ಮುಖ್ಯವಾಗಿ ಮೊದಲೇ ಕೇಳಿಸುತ್ತಿದ್ದ ಸ್ವರಗಳ ಅಬ್ಬರ. ಅರ್ಥ ಅಲ್ಲಿಯೇ ಉಳಿದು, ಮಗ ಗದರಿದನೆಂಬ ನೋವು ಮಾತ್ರ ತಾಯಿಗೆ ತಲುಪುತ್ತದೆ. ಟಿವಿ ಆರಿಸಿ, ಎದುರಿಗೆ ಕುಳಿತು, ಬಾಯಿ ಕಾಣುವಂತೆ ನಿಧಾನವಾಗಿ ಮಾತನಾಡಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಮರೆಗುಳಿತನದ ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ನೀಡಿದ ವರದಿಯು ತಡೆಯಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷವನ್ನೂ ಸೇರಿಸಿದೆ. ಕಿವಿ ಮಂದವಾದದ್ದನ್ನು ಒಪ್ಪಿಕೊಳ್ಳಲು ತಡಮಾಡುವುದರಿಂದ ನಷ್ಟವಾಗುವುದು ಕಿವಿಗಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪದಿರುವುದು ಹೀಗೆ ಒಂದು ತೊಂದರೆಯಾದರೆ, ಒಪ್ಪಬಾರದ್ದನ್ನು ಒಪ್ಪಿಬಿಡುವುದು ಇನ್ನೊಂದು. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು ಹಾನಿಕರ. ‘ವಯಸ್ಸಾಯಿತಲ್ಲ’ ಎಂಬ ಒಂದು ಮಾತು ನಮ್ಮ ಮನೆಗಳಲ್ಲಿ ಎಲ್ಲ ನೋವು ನಿಶ್ಶಕ್ತಿಗಳಿಗೂ ಉತ್ತರವಾಗಿಬಿಟ್ಟಿದೆ. ಆ ಉತ್ತರದಲ್ಲಿ ವಯಸ್ಸಿನ ಪಾಲೆಷ್ಟು, ಸುಮ್ಮನೆ ಕುಳಿತದ್ದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಿದ ಒಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಶ್ರಮದ ವೇಳೆ ದೇಹವು ಗರಿಷ್ಠವಾಗಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲದೆಂಬ ಅಳತೆ ಅಷ್ಟರಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಅಷ್ಟರಲ್ಲಿ ಅವರ ತೂಕ ಏರಿತ್ತು, ಮೈಯ ಕೊಬ್ಬಿನ ಪ್ರಮಾಣ ಇಮ್ಮಡಿಯಾಗಿತ್ತು. ಆದರೂ ಐವರಲ್ಲಿ ಒಬ್ಬರ ಸಾಮರ್ಥ್ಯವೂ ಇಪ್ಪತ್ತರ ವಯಸ್ಸಿನಲ್ಲಿ ಹಾಸಿಗೆಯಿಂದ ಎದ್ದ ದಿನದಷ್ಟು ಕೆಳಗಿಳಿದಿರಲಿಲ್ಲ. ಮೂರು ವಾರಗಳ ನಿಶ್ಚಲತೆಯು ಮೂವತ್ತು ವರ್ಷಗಳ ವಯಸ್ಸನ್ನು ಮೀರಿಸಿತ್ತು.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯಕರವಾಗಿದೆ. ಐವತ್ತು ದಾಟಿದ ಅವರಿಗೆ ಆರು ತಿಂಗಳು ನಡಿಗೆ, ಓಟ, ಸೈಕಲ್ ತುಳಿತಗಳ ಹದವಾದ ತರಬೇತಿ ಕೊಟ್ಟಾಗ ಮೂವತ್ತು ವರ್ಷಗಳಲ್ಲಿ ಕಳೆದುಕೊಂಡಿದ್ದ ಸಾಮರ್ಥ್ಯ ಸರಾಸರಿಯಲ್ಲಿ ಪೂರ್ತಿಯಾಗಿ ಹಿಂದಿರುಗಿತು. ಹೃದಯ ಮಾತ್ರ ಇಪ್ಪತ್ತಕ್ಕೆ ಮರಳಲಿಲ್ಲ. ಅದರ ಗರಿಷ್ಠ ಬಡಿತ ತಗ್ಗಿದ್ದು ತಗ್ಗಿದಂತೆಯೇ ಇತ್ತು. ಬಂದ ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುವುದನ್ನು ಕೈಕಾಲುಗಳ ಸ್ನಾಯುಗಳು ರೂಢಿಸಿಕೊಂಡಿದ್ದರಿಂದ ಒಟ್ಟು ಲೆಕ್ಕ ಸರಿಹೋಗಿತ್ತು. ಐದೇ ಜನರ ಅಧ್ಯಯನವಾದ್ದರಿಂದ ಅದರ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ, ನಿಜ. ಆದರೆ ದೇಹದಲ್ಲಿ ಯಾವುದು ಬದಲಾಗದೆ ಉಳಿಯಿತು, ಯಾವುದು ಅದರ ಹೊರೆಯನ್ನು ಹೊತ್ತುಕೊಂಡಿತು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಐವತ್ತರ ಮಾತು ಬಿಡಿ, ತೊಂಬತ್ತರಲ್ಲೂ ಇದು ಸಾಧ್ಯವೆಂದು 1990ರಲ್ಲಿ ಬೋಸ್ಟನ್ನಿನ ಒಂದು ಆರೈಕೆ ಕೇಂದ್ರದಲ್ಲಿ ನಡೆದ ಅಧ್ಯಯನ ತೋರಿಸಿತು. ಸರಾಸರಿ ತೊಂಬತ್ತು ವರ್ಷದ, ದುರ್ಬಲರಾಗಿದ್ದ ಹತ್ತು ಮಂದಿ ತೊಡೆಯ ಮುಂಭಾಗದ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮವನ್ನು ಶುರುಮಾಡಿದರು. ಒಂಬತ್ತು ಮಂದಿ ಎಂಟು ವಾರಗಳನ್ನು ಪೂರೈಸಿದರು. ಅವರ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ಇಬ್ಬರು ಕೋಲನ್ನು ಬಿಟ್ಟು ನಡೆದರು. ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದದ್ದನ್ನೂ ಅದೇ ವರದಿ ದಾಖಲಿಸಿದೆ. ವಯಸ್ಸಿನೊಂದಿಗೆ ಬೆನ್ನುಹುರಿಯ ಚಾಲಕ ನರಕೋಶಗಳು ಕಡಿಮೆಯಾಗಿ, ತಟ್ಟನೆ ಬಲ ತೋರುವ ವೇಗದ ಸ್ನಾಯುತಂತುಗಳು ಸೊರಗುವುದು ನಿಜ. ಎಡವಿದಾಗ ಹಿರಿಯರ ಕಾಲು ಮುಂದೆ ಬರಲು ತಡವಾಗುವುದಕ್ಕೆ ಅದೂ ಒಂದು ಕಾರಣ. ಉಳಿದ ತಂತುಗಳು ಮಾತ್ರ ಕೆಲಸ ಕೊಟ್ಟರೆ ಯಾವ ವಯಸ್ಸಿನಲ್ಲೂ ಬಲಿಯುತ್ತವೆ.

ವಯಸ್ಸಿನ ಹೆಸರಿನಲ್ಲಿ ಅಡಗಿ ಕೂರುವ ಕಾಯಿಲೆಗಳೂ ಕೆಲವಿವೆ. ಪಾದ ಜುಮ್ಮೆನ್ನುವುದು, ನಡಿಗೆ ತೂರಾಡುವುದು ಬಿ12 ಜೀವಸತ್ವದ ಕೊರತೆಯಿಂದ ಇರಬಹುದು. ಸಸ್ಯಾಹಾರಿಗಳಲ್ಲಿ ಇದು ಅಪರೂಪವೇನಲ್ಲ. ಸುಸ್ತಿನ ಹಿಂದೆ ರಕ್ತಹೀನತೆಯೋ ಥೈರಾಯ್ಡ್ ಕೊರತೆಯೋ ಇರಬಹುದು, ತಲೆಸುತ್ತಿನ ಹಿಂದೆ ಬಿ.ಪಿ. ಮಾತ್ರೆಯ ಪ್ರಮಾಣವಿರಬಹುದು. ಇವನ್ನೆಲ್ಲ ಪರೀಕ್ಷಿಸದೆ ಒಪ್ಪಿಕೊಳ್ಳುವುದನ್ನು ತಾಳ್ಮೆ ಎಂದು ಕರೆಯಲಾಗದು.

ಇನ್ನು ಮಂಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿ ಇಡುವುದು, ದೇವರ ಮುಂದೆ ಮಂಡಿಯೂರುವುದು ನಮ್ಮ ದಿನಚರಿಯ ಭಾಗವಾದ್ದರಿಂದ, ಮಂಡಿ ಮಡಿಚಲಾಗದ ಸ್ಥಿತಿ ನಮ್ಮಲ್ಲಿ ಹೆಚ್ಚು ಕಾಡುತ್ತದೆ. ಕುರ್ಚಿಯಿಂದ ಏಳಲು ಮಂಡಿ ಲಂಬಕೋನದಷ್ಟು ಮಡಿಚಿದರೆ ಸಾಕು. ಕುಕ್ಕರಗಾಲಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಎಕ್ಸ್‌ರೇ ನೋಡಿ ‘ಮಂಡಿ ಸವೆದಿದೆ’ ಎಂದು ಕೇಳಿದ ದಿನದಿಂದ ಅನೇಕರು ನಡೆಯುವುದನ್ನೇ ಬಿಡುತ್ತಾರೆ, ನಡೆದರೆ ಇನ್ನಷ್ಟು ಸವೆಯುತ್ತದೆಂಬ ಭಯ. ಆದರೆ ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಇರುವ ಸಂಬಂಧ ಸಡಿಲವಾದದ್ದು. ಹೆಚ್ಚು ಸವೆದ ಮಂಡಿಯವರು ನೋವಿಲ್ಲದೆ ಓಡಾಡುವುದೂ ಸ್ವಲ್ಪ ಸವೆದವರು ನರಳುವುದೂ ವೈದ್ಯರಿಗೆ ಪರಿಚಿತ ಸಂಗತಿ. ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ; ಕೀಲು ಒತ್ತಿ ಬಿಡುವ ಚಲನೆಯಿಂದ ಅದರೊಳಗೆ ದ್ರವ ಓಡಾಡಿ ಪೋಷಕಾಂಶ ತಲುಪುತ್ತದೆ. ತೊಡೆಯ ಸ್ನಾಯು ಬಲವಾಗಿದ್ದರೆ ಕೀಲಿನ ಆಸರೆಯೂ ಹೆಚ್ಚುತ್ತದೆ. ಆದ್ದರಿಂದಲೇ ಮಂಡಿನೋವಿಗೆ ಹದವಾದ ವ್ಯಾಯಾಮವನ್ನು ಮೊದಲ ಚಿಕಿತ್ಸೆಗಳಲ್ಲಿ ಒಂದಾಗಿ ಸೂಚಿಸುತ್ತಾರೆ. ಕುಕ್ಕರಗಾಲನ್ನು ಬಿಟ್ಟು ನಡಿಗೆಯನ್ನು ಉಳಿಸಿಕೊಳ್ಳುವುದು ಇಲ್ಲಿ ಸಾಮಾನ್ಯವಾಗಿ ಲಾಭದ ವ್ಯವಹಾರ.

ಕೋಲು ಹಿಡಿಯುವುದರಲ್ಲೂ ಒಂದು ಲೆಕ್ಕವಿದೆ. ಬಲ ಮಂಡಿ ನೋಯುತ್ತಿದ್ದರೆ ಕೋಲು ಇರಬೇಕಾದದ್ದು ಎಡಗೈಯಲ್ಲಿ. ನೋಯುವ ಕಡೆಯೇ ಹಿಡಿಯುವವರೇ ಹೆಚ್ಚು. ಹಾಗೆ ಹಿಡಿದಾಗ ಮೈ ಆ ಕಡೆಗೇ ವಾಲಿ ಭಾರ ನೋವಿನ ಕಾಲಿಗೆ ಬೀಳುತ್ತದೆ. ಎದುರುಗೈಯಲ್ಲಿದ್ದರೆ ಬಲಗಾಲೂ ಕೋಲೂ ಒಟ್ಟಿಗೆ ಮುಂದೆ ಬಂದು ಭಾರ ಎರಡರ ನಡುವೆ ಹಂಚಿಹೋಗುತ್ತದೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಹಿಡಿಕೆ ಬರಬೇಕು. ತಾತನ ಕಾಲದ ಕೋಲು ಎಷ್ಟೇ ಚೆಂದವಿದ್ದರೂ ಅಳತೆ ಹೊಂದದಿದ್ದರೆ ಭುಜ ನೋಯಿಸುತ್ತದೆ.

ಸಮತೋಲನಕ್ಕೆ ಮಿದುಳು ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿಗಳನ್ನು ನೆಚ್ಚಿಕೊಂಡಿರುತ್ತದೆ. ವಯಸ್ಸಾದಂತೆ ಒಂದೊಂದೂ ತುಸು ಮಸುಕಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿರುವವರೆಗೆ ಅದು ಗೊತ್ತಾಗುವುದೇ ಇಲ್ಲ. ರಾತ್ರಿ ದೀಪ ಹಾಕದೆ ಬಚ್ಚಲಿಗೆ ಎದ್ದಾಗ ಕಣ್ಣಿನ ನೆರವು ತಪ್ಪುತ್ತದೆ. ಅದೇ ಗಳಿಗೆಯಲ್ಲಿ, ಮಲಗಿದ್ದವರು ಎದ್ದು ನಿಂತದ್ದರಿಂದ, ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ರಕ್ತನಾಳಗಳನ್ನು ತಕ್ಷಣ ಬಿಗಿಗೊಳಿಸಬೇಕಾದ ಪ್ರತಿಕ್ರಿಯೆ ಹಿರಿಯರಲ್ಲಿ ನಿಧಾನ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳಬೇಕೆಂಬ ಸಲಹೆಯ ಹಿಂದಿರುವುದು ಇದೇ. ಮಿದುಳಿನ ಗಮನವೂ ಈ ಲೆಕ್ಕಕ್ಕೆ ಸೇರುತ್ತದೆ. ನಡೆಯುತ್ತಿರುವಾಗ ಯಾರಾದರೂ ಮಾತನಾಡಿಸಿದರೆ ನಿಂತುಬಿಡುವ ಹಿರಿಯರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಂಭವ ಹೆಚ್ಚೆಂದು 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡುಕೊಂಡರು. ಅವರಿಗೆ ನಡೆಯುವುದು ತಾನಾಗಿಯೇ ಆಗುವ ಕೆಲಸವಾಗಿ ಉಳಿದಿಲ್ಲ, ಪ್ರತಿ ಹೆಜ್ಜೆಗೂ ಗಮನ ಖರ್ಚಾಗುತ್ತಿದೆ ಎಂಬುದು ಅದರ ಅರ್ಥ.

ಈ ಎಲ್ಲ ಹೊಂದಾಣಿಕೆಗಳ ಹಿಂದಿನ ಕ್ರಮವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ದಂಪತಿ ಪೌಲ್ ಬಾಲ್ಟೆಸ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ 1990ರಲ್ಲಿ ಒಂದು ಸಿದ್ಧಾಂತವಾಗಿ ಮಂಡಿಸಿದರು. ಅವರು ಕೊಡುತ್ತಿದ್ದ ಉದಾಹರಣೆ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರದು. ಎಂಬತ್ತರ ವಯಸ್ಸಿನಲ್ಲೂ ಅಷ್ಟು ಚೆನ್ನಾಗಿ ನುಡಿಸುವುದು ಹೇಗೆಂಬುದಕ್ಕೆ ಆ ವಾದಕರು ಕೊಟ್ಟ ವಿವರಣೆ ಸರಳವಾಗಿತ್ತು: ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುತ್ತಿದ್ದರು, ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತಿದ್ದರು, ವೇಗದ ಭಾಗ ಬರುವ ಮುನ್ನ ಬೇಕೆಂದೇ ನಿಧಾನಿಸುತ್ತಿದ್ದರು. ಹಾಗೆ ನಿಧಾನಿಸಿದ್ದರಿಂದ ಮುಂದಿನದು ಕೇಳುಗರ ಕಿವಿಗೆ ಇದ್ದದ್ದಕ್ಕಿಂತ ವೇಗವಾಗಿ ಕೇಳಿಸುತ್ತಿತ್ತು. 1976ರಲ್ಲಿ, 89ರ ವಯಸ್ಸಿನಲ್ಲಿ, ಕಣ್ಣು ಮಂದವಾಗಿ ಅವರು ಕಛೇರಿ ನಿಲ್ಲಿಸಿದರು. ಬೆರಳಿನ ನಿಧಾನಕ್ಕೆ ಉಪಾಯವಿತ್ತು, ದೃಷ್ಟಿನಾಶಕ್ಕೆ ಇರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡಿದ್ದರೆ ಅವರು ಎಷ್ಟೋ ವರ್ಷ ಮೊದಲೇ ನಿಲ್ಲಿಸುತ್ತಿದ್ದರೇನೋ.

ಮನಸ್ಸಿನ ಕಡೆಯಿಂದ ನೋಡಿದರೆ, ಗುರಿಗಾಗಿ ಹಟ ಹಿಡಿಯುವುದು ಮತ್ತು ಗುರಿಯನ್ನೇ ಬದಲಿಸಿಕೊಳ್ಳುವುದು ಎರಡು ಬೇರೆ ಬೇರೆ ಸಾಮರ್ಥ್ಯಗಳೆಂದು ಯೋಹೆನ್ ಬ್ರಾಂಟ್‌ಶ್ಟೆಟರ್ ಎಂಬ ಇನ್ನೊಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ ವಿವರಿಸಿದ್ದಾರೆ. ವಯಸ್ಸಾದಂತೆ ಜನ ಮೊದಲನೆಯದರಿಂದ ಎರಡನೆಯದರ ಕಡೆಗೆ ವಾಲುತ್ತಾರೆ. ಕಾಯಿಲೆಗಳ ನಡುವೆಯೂ ಅನೇಕ ವೃದ್ಧರು ತಮ್ಮ ಬದುಕಿನ ಬಗ್ಗೆ ನಾವು ಊಹಿಸುವುದಕ್ಕಿಂತ ಹೆಚ್ಚು ತೃಪ್ತರಾಗಿರುವುದು ಇದರಿಂದ ಅರ್ಥವಾಗುತ್ತದೆ. ವಯಸ್ಸಾಗುವುದರ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದು ಅಮೆರಿಕದ ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಭಾವನೆಯಿಂದಲೇ ಆಯುಸ್ಸು ಬೆಳೆಯಿತೆಂದು ಇದರಿಂದ ಸಾಬೀತಾಗುವುದಿಲ್ಲವಾದರೂ, ಸಂಬಂಧ ತಳ್ಳಿಹಾಕುವಂಥದ್ದಲ್ಲ.

ಮನೆಯವರ ಪ್ರೀತಿ ಇಲ್ಲಿ ಅಡ್ಡ ಬರುವುದುಂಟು. ‘ನೀವು ಸುಮ್ಮನೆ ಕೂತಿರಿ ಅತ್ತೆ, ನಾನು ಮಾಡ್ತೀನಿ’ ಎಂಬ ಕಾಳಜಿಯಿಂದ ಹಿರಿಯರ ಕೈಯಿಂದ ಒಂದೊಂದೇ ಕೆಲಸ ಜಾರುತ್ತದೆ, ಡಲ್ಲಾಸ್‌ನ ಹಾಸಿಗೆಯೇ ಮನೆಯೊಳಗೆ ಬಂದಂತಾಗುತ್ತದೆ. ಈಳಿಗೆಮಣೆಯ ಮುಂದೆ ಕೂರಲಾಗದವರಿಗೆ ಸರಿಯಾದ ಎತ್ತರದ ಮೇಜು, ಕುರ್ಚಿ, ಚಾಕು ಕೊಟ್ಟರೆ ಹುಳಿಗೆ ತರಕಾರಿ ಹೆಚ್ಚುವ ಕೆಲಸ ಅವರಲ್ಲೇ ಉಳಿಯುತ್ತದೆ. ಬಚ್ಚಲಿಗೆ ಗೋಡೆಯ ಹಿಡಿಕೆ ಮತ್ತು ಜಾರದ ನೆಲ ಮಾಡಿಸಿದರೆ ಸ್ನಾನಕ್ಕೆ ಇನ್ನೊಬ್ಬರ ತೋಳು ಬೇಕಾಗದಿರಬಹುದು.

ಒಮ್ಮೆ ಒಪ್ಪಿಕೊಂಡ ಮಿತಿಯನ್ನೂ ಆಗಾಗ ಅಳೆದು ನೋಡುತ್ತಿರಬೇಕು. ಅದಕ್ಕೆ ಗೋಡೆಗೆ ಒರಗಿಸಿದ ಒಂದು ಗಟ್ಟಿ ಕುರ್ಚಿ ಮತ್ತು ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆಂದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಎಣಿಸಿ ಬರೆದಿಡಬಹುದು. ಹಿರಿಯರ ಕಾಲಿನ ಬಲ ತಿಳಿಯಲು ಫಿಸಿಯೊಥೆರಪಿ ತಜ್ಞರು ಬಳಸುವ ಪರೀಕ್ಷೆಯೇ ಇದು. ಕೆಲವು ತಿಂಗಳ ವ್ಯಾಯಾಮದ ನಂತರ ಆ ಸಂಖ್ಯೆ ಏರುವುದುಂಟು. ಒಂದೆರಡು ವಾರಗಳಲ್ಲೇ ಅದು ಥಟ್ಟನೆ ಕುಸಿದರೆ ವಯಸ್ಸನ್ನು ದೂರದೆ ವೈದ್ಯರ ಬಳಿಗೆ ಹೋಗಬೇಕು, ಏಕೆಂದರೆ ವಯಸ್ಸು ಅಷ್ಟು ಅವಸರದಲ್ಲಿ ಕೆಲಸ ಮಾಡುವುದಿಲ್ಲ.