ಊರು ಬಂದ್ ಆದಾಗ ಮನಸ್ಸಿಗೂ ಔಷಧಿ ಡಬ್ಬಿಗೂ ಏನಾಗುತ್ತದೆ

ಬೆಳಗಾವಿಯವರಿಗೆ ಬಂದ್ ಹೊಸದೇನಲ್ಲ. ನವೆಂಬರ್ 1 ಹತ್ತಿರ ಬಂದರೆ, ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ, ಗಡಿ ತಕರಾರಿನ ಬಗ್ಗೆ ಯಾರೋ ಒಂದು ಹೇಳಿಕೆ ಕೊಟ್ಟರೆ ಸಾಕು, ಚನ್ನಮ್ಮ ವೃತ್ತದಲ್ಲಿ ಪೊಲೀಸ್ ವ್ಯಾನ್ ನಿಲ್ಲುತ್ತದೆ, ಅಂಗಡಿಗಳ ಶಟರ್ ಅರ್ಧಕ್ಕಿಳಿಯುತ್ತದೆ. 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನಂಬರಿನ ಲಾರಿಗಳ ಮೇಲೆ ಕಲ್ಲು ಬಿದ್ದಾಗ, ಅತ್ತಲಿನ ಸಾರಿಗೆ ಸಂಸ್ಥೆ ಇತ್ತ ಬರುವ ಬಸ್ಸುಗಳನ್ನೇ ನಿಲ್ಲಿಸಿತ್ತು. ಇಂಥ ದಿನಗಳಲ್ಲಿ ಕಲ್ಲು ತಾಗುವುದು ನಾಲ್ಕು ಜನಕ್ಕೆ, ನಿದ್ದೆಗೆಡುವುದು ಇಡೀ ಓಣಿ.

ಅಪಾಯ ಕಂಡ ಕೂಡಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ. ಹಿಂದೆಯೇ ಬರುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ 20–30 ನಿಮಿಷಕ್ಕೆ ಏರಿ, ಮತ್ತೊಂದೆರಡು ತಾಸಿನಲ್ಲಿ ಇಳಿಯುತ್ತದೆ. ಗಲಾಟೆ ಒಮ್ಮೆ ಆಗಿ ಮುಗಿದರೆ ದೇಹ ತಾನೇ ಸುಧಾರಿಸಿಕೊಳ್ಳುತ್ತದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಅದೇ ವಿಡಿಯೊ ಬಂದರೆ ಕಾರ್ಟಿಸಾಲ್ ಇಳಿಯುವುದು ಯಾವಾಗ?

2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ 6 ತಾಸು ಅಥವಾ ಹೆಚ್ಚು ಅದರ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ತೀವ್ರ ಒತ್ತಡದ ಲಕ್ಷಣ ಹೆಚ್ಚಿತ್ತು. 2019ರ ಹಾಂಗ್‌ಕಾಂಗ್ ಪ್ರತಿಭಟನೆಗಳ ವೇಳೆ ದಿನಕ್ಕೆ 2 ತಾಸಿಗೂ ಮೇಲ್ಪಟ್ಟು ಸಾಮಾಜಿಕ ಜಾಲತಾಣದಲ್ಲಿ ಸುದ್ದಿ ಹಿಂಬಾಲಿಸಿದವರಲ್ಲಿ ಖಿನ್ನತೆಯ ಲಕ್ಷಣ ಜಾಸ್ತಿ ಕಂಡಿತು. ಮೊದಲೇ ಆತಂಕ ಇದ್ದವರು ಹೆಚ್ಚು ನೋಡಿರಲೂಬಹುದು ಎಂಬ ತಕರಾರು ನ್ಯಾಯವಾದದ್ದೇ. ಹಾಗಿದ್ದರೂ ಸುದ್ದಿಗೆ ಅಳತೆ ಹಾಕಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹದಿನೈದು ನಿಮಿಷ ಸುದ್ದಿ ನೋಡಿದರೆ ಸಾಕು. ಮಲಗುವ ಮುಂಚಿನ ಒಂದು ತಾಸು ಬೇಡವೇ ಬೇಡ. ವಾಟ್ಸಾಪ್ ಗುಂಪು ಬಿಟ್ಟರೆ ಬೀಗರು ಸಿಟ್ಟಾಗುತ್ತಾರೆ, ಹಾಗಾಗಿ ಬಿಡದೆ ಮ್ಯೂಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆಂಡ್ ಡೇಟಾ ತೆರೆದು ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಆಗ ರಕ್ತದ ದೃಶ್ಯ ಕೇಳದೆ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳಿಸಿದ ಮಾವನಿಗೂ ಅದರ ಮೂಲ ಗೊತ್ತಿರುವುದಿಲ್ಲ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುವ ಈ ಊರಿನಲ್ಲಿ ಇನ್ನೊಂದು ಅನುಕೂಲವಿದೆ. ಆ ವಿಡಿಯೊವನ್ನು ಪಕ್ಕದ ಮನೆಯ ಕಾಕಾಗೆ ತೋರಿಸಿ, ಅವರ ಗುಂಪಿನಲ್ಲಿ ಅದು ಯಾವ ಊರಿನ ಹೆಸರಲ್ಲಿ ಬಂದಿದೆ ಎಂದು ಕೇಳಿ. ಎಷ್ಟೋ ವದಂತಿ ಅಲ್ಲೇ ಬಿದ್ದುಹೋಗುತ್ತವೆ.

ಎದೆ ಹೊಡೆದುಕೊಳ್ಳುವಾಗ "ಜೋರಾಗಿ ಉಸಿರು ತಗೋ" ಎನ್ನುವುದು ತಪ್ಪು ಸಲಹೆ. ಗಬಗಬನೆ ಉಸಿರೆಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ. ಮೂಗಿನಿಂದ ಮೆತ್ತಗೆ, 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ, ಐದು ನಿಮಿಷ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತ ತಗ್ಗಿಸುತ್ತದೆ, ಅದಕ್ಕೇ ಹೊರಗಿನ ಎಣಿಕೆ ಉದ್ದ. ಎದೆನೋವು ಎಡಗೈಗೆ, ದವಡೆಗೆ ಹರಡಿ ಬೆವರು ಕಿತ್ತುಕೊಂಡರೆ ಮಾತ್ರ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲದರ ನಡುವೆ ಜನ ಮರೆಯುವುದು ಔಷಧಿ ಡಬ್ಬಿ. ಇಲ್ಲಿನ ಎಷ್ಟೋ ಮನೆಗಳವರು ಮಾನಸಿಕ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುತ್ತಾರೆ, ಕೆಲವರು ಗಡಿ ದಾಟಿ ಮಿರಜ್, ಕೊಲ್ಹಾಪುರಕ್ಕೆ. ಬಸ್ ನಿಂತರೆ ಗುಳಿಗೆಯೂ ನಿಂತಿತು. ವೆನ್ಲಾಫಾಕ್ಸಿನ್, ಪರಾಕ್ಸಿಟಿನ್‌ನಂಥ ಖಿನ್ನತೆಯ ಗುಳಿಗೆ ಥಟ್ಟನೆ ನಿಂತರೆ ಒಂದೆರಡು ದಿನದಲ್ಲೇ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕಾರಣವಿಲ್ಲದ ಸಿಡಿಮಿಡಿ. ಮನೆಯವರು ಅದನ್ನು "ಗಲಾಟೆ ನೋಡಿ ತಲಿ ಕೆಡಿಸ್ಕೊಂಡಾನ" ಎಂದುಕೊಳ್ಳುತ್ತಾರೆ. ವಾಲ್ಪ್ರೊಯೇಟ್ ನಿಂತರೆ ಮೂರ್ಛೆ ರೋಗ ಇರುವವರಿಗೆ ಫಿಟ್ಸ್ ಬರಬಹುದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವವರು ವಾಂತಿ-ಭೇದಿಯಾಗಿ ಅಥವಾ ನೀರು ಕುಡಿಯದೆ ಒಣಗಿದರೆ ಅದರ ಪ್ರಮಾಣ ರಕ್ತದಲ್ಲಿ ಏರಿ ವಿಷವಾಗಬಹುದು. ಆದ್ದರಿಂದ ಎರಡು ವಾರದ ಗುಳಿಗೆ ಯಾವಾಗಲೂ ಮನೆಯಲ್ಲಿರಲಿ. ಚೀಟಿಯ ಫೋಟೊ ಮನೆಯ ಇಬ್ಬರ ಮೊಬೈಲ್‌ನಲ್ಲಿರಲಿ. ಅದಿದ್ದರೆ ಹತ್ತಿರದ ಸರ್ಕಾರಿ ದವಾಖಾನೆಯ ವೈದ್ಯರು ಹೆಸರು, ಮಿಲಿಗ್ರಾಂ ನೋಡಿ ಮುಂದುವರಿಸಬಹುದು.

ನಿದ್ದೆಗೆಂದು ಪಕ್ಕದ ಮನೆಯವರ ಅಲ್ಪ್ರಜೋಲಂ ಕಡ ತರಬೇಡಿ. ಆಘಾತದ ಮೊದಲ ವಾರಗಳಲ್ಲಿ ಅದರಿಂದ ಲಾಭವಿಲ್ಲ, ಚಟವಾಗಿ ಅಂಟಿಕೊಳ್ಳುವ ಅಪಾಯ ಮಾತ್ರ ಇದೆ. ದಾರು ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಬಂದ್ ದಿನ ಕಟ್ಟೆ ಮೇಲೆ ಹರಟುತ್ತ ಏಳು ಕಪ್ ಚಹಾ ಆಗುವುದೂ ಉಂಟು. ಅದರ ಕೆಫೀನ್ ಅರ್ಧ ಇಳಿಯಲು ಸುಮಾರು 5 ತಾಸು ಬೇಕು, ಮಧ್ಯಾಹ್ನ ಮೂರಕ್ಕೇ ನಿಲ್ಲಿಸಿ.

ಕಣ್ಣಾರೆ ಹಿಂಸೆ ಕಂಡವರನ್ನು "ಏನಾಯ್ತು, ಪೂರ್ತಿ ಹೇಳು" ಎಂದು ಕೆದಕುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಆದರೆ ಒತ್ತಾಯದಿಂದ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂಬುದು ಈಗ ತಜ್ಞರ ಒಮ್ಮತ. ಬಿಸಿ ಊಟ, ಜೊತೆಗೊಬ್ಬರು, ಅವರಾಗಿ ಮಾತಾಡಿದರೆ ಕೇಳುವ ಕಿವಿ, ಇಷ್ಟು ಸಾಕು. ಸಣ್ಣ ಮಕ್ಕಳಿಗೆ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವ ಒಂದೇ ಬೆಂಕಿ, ಪ್ರತಿ ಸಲವೂ ಹೊಸ ಬೆಂಕಿ. ಹಾಸಿಗೆಯಲ್ಲಿ ಉಚ್ಚೆ ಮಾಡುವುದು ಮತ್ತೆ ಶುರುವಾದರೆ ಬೈಯಬೇಡಿ.

ಒಂದು ತಿಂಗಳಾದರೂ ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ, ಎರಡು ವಾರ ದಿನವಿಡೀ ಬೇಸರ, ಊಟ-ಕೆಲಸ ಬೇಡ ಎನಿಸಿದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅದೇ ದಿನ, ಆ ಮನುಷ್ಯನನ್ನು ಒಂಟಿಯಾಗಿ ಬಿಡದೆ. ಬಸ್ ಇಲ್ಲದ ದಿನವೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಹಗಲು-ರಾತ್ರಿ ಪುಕ್ಕಟೆ ಕರೆ ಮಾಡಬಹುದು, ಭಾಷೆ ಆರಿಸುವಾಗ ಕನ್ನಡವೂ ಇದೆ, ಮರಾಠಿಯೂ ಇದೆ. ಕರೆ ಮಾಡುವಾಗ ಗುಳಿಗೆಯ ಪಟ್ಟಿ ಕೈಯಲ್ಲಿಟ್ಟುಕೊಳ್ಳಿ, ನಿದ್ದೆ ಎಷ್ಟು ರಾತ್ರಿಯಿಂದ ಕೆಟ್ಟಿದೆ ಎಂಬುದನ್ನು ಮೊದಲು ಹೇಳಿ.